ಸಿಂಥೆಟಿಕ್ ಆಯಿಲ್ ಕೊಳ್ಳುವಾಗ: ಡಬ್ಬದ ಮುಂದಿನ ಹೆಸರು, ಹಿಂದಿನ ಸಣ್ಣಕ್ಷರ

ಹಾಸನದಲ್ಲಿ ನಮ್ಮದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಕೌಂಟರಿನ ಹಿಂದಿನ ಗೋಡೆ ತುಂಬ ಎಂಜಿನ್ ಆಯಿಲ್ ಡಬ್ಬಗಳು. ಬಂದವರು ಆ ಗೋಡೆಯನ್ನೊಮ್ಮೆ ನೋಡಿ ಕೇಳುವುದು ಒಂದೇ ಮಾತು: “ಅಣ್ಣ, ಇದ್ರಲ್ಲಿ ಯಾವ್ದು ಬೆಸ್ಟು?” “ಯಾವ ಗಾಡಿ, ಎಷ್ಟನೇ ಇಸವಿದು?” ಎಂದು ನಾನು ತಿರುಗಿ ಕೇಳಿದರೆ ಕೆಲವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾದ್ದು ಒಂದು ಹೆಸರು. ಕಾಲಿನ ಅಳತೆ ಹೇಳದೆ “ಒಳ್ಳೇ ಚಪ್ಪಲಿ ಕೊಡಿ” ಅಂದ ಹಾಗೆ.

ಹದಿನೈದು ವರ್ಷ ಈ ಡಬ್ಬಗಳನ್ನೇ ಮಾರಿದ ಮೇಲೆ ಹೇಳುತ್ತಿದ್ದೇನೆ: ಕಂಪನಿ ಯಾವುದು ಅನ್ನುವುದು ಕೊನೆಗೆ ತೀರ್ಮಾನ ಮಾಡುವ ವಿಷಯ. ಮೊದಲೇ ಹೆಸರು ಹಿಡಿದು ಹೊರಟವರು ಸಾಮಾನ್ಯವಾಗಿ ಒಳ್ಳೇ ಆಯಿಲನ್ನೇ ಕೊಂಡಿರುತ್ತಾರೆ; ಅದು ಅವರ ಗಾಡಿಯದ್ದಾಗಿರುವುದಿಲ್ಲ, ಅಷ್ಟೇ.

“ನೀರಿದ್ದಂಗಿದೆ ಸಾರ್ ಇದು”

ಗಾಡಿ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ಶೂರೆನ್ಸ್ ಕಾಗದದ ಅಡಿ ಎಲ್ಲೋ ಬಿದ್ದಿರುತ್ತದೆ. ಆಯಿಲ್ ಗ್ರೇಡ್ ಅದರಲ್ಲಿದೆ. ಮಾರುತಿಯ ಹೊಸ ಪೆಟ್ರೋಲ್ ಎಂಜಿನ್‌ಗಳಲ್ಲಿ ಹಲವಕ್ಕೆ 0ಡಬ್ಲ್ಯೂ-16, ಸ್ವಲ್ಪ ಹಳೆಯವಕ್ಕೆ 0ಡಬ್ಲ್ಯೂ-20, ಡೀಸೆಲ್ ಸ್ವಿಫ್ಟ್ ಕಾಲದವಕ್ಕೆ 5ಡಬ್ಲ್ಯೂ-30, ಹೀಗೆ.

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಓಡಾಡುತ್ತದೆ ಅನ್ನುವುದರ ಗುರುತು. 0 ಇದ್ದರೆ ಎಂಜಿನ್ ತಿರುಗಿಸುವ ಪರೀಕ್ಷೆ ಮೈನಸ್ 35 ಡಿಗ್ರಿಯಲ್ಲಿ, 5 ಇದ್ದರೆ ಮೈನಸ್ 30ರಲ್ಲಿ, 15 ಇದ್ದರೆ ಮೈನಸ್ 20ರಲ್ಲಿ. ಡಿಸೆಂಬರಿನ ಸಕಲೇಶಪುರದಲ್ಲಿ ಎಷ್ಟೇ ಮಂಜು ಬಿದ್ದರೂ ಅಂಥ ಚಳಿ ನಮಗಿಲ್ಲ. ಹಾಗಾಗಿ 0ಗೂ 5ಕ್ಕೂ ಇರುವ ವ್ಯತ್ಯಾಸಕ್ಕೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದ್ದು ಎರಡನೇ ಅಂಕಿ. ಎಂಜಿನ್ ಕಾದು 100 ಡಿಗ್ರಿ ಮುಟ್ಟಿದಾಗ ಆಯಿಲ್ ಎಷ್ಟು ಮಂದ ಉಳಿಯುತ್ತದೆ ಅನ್ನುವುದನ್ನು ಅದು ಹೇಳುತ್ತದೆ.

ಇಲ್ಲೇ ಮೆಕ್ಯಾನಿಕ್‌ಗಳಿಗೂ ನನಗೂ ಜಗಳ. ಅಂಬಾಸಿಡರ್ ಕಾಲದಿಂದ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. 0ಡಬ್ಲ್ಯೂ-20 ಡಬ್ಬ ತೆಗೆದುಕೊಟ್ಟರೆ ಮುಚ್ಚಳ ಬಿಚ್ಚಿ ಒಂದು ತೊಟ್ಟು ಹೆಬ್ಬೆರಳಿಗೆ ಹಾಕಿಕೊಂಡು ತೋರುಬೆರಳಿನಿಂದ ಉಜ್ಜುತ್ತಾರೆ. “ನೀರಿದ್ದಂಗಿದೆ ಸಾರ್ ಇದು. ನಮ್ಮ ಬಿಸಿಲಿಗೆ ನಿಲ್ಲಲ್ಲ. 20-50 ಕೊಡಿ.” ಅವರ ಬೆರಳು ಸುಳ್ಳು ಹೇಳುತ್ತಿಲ್ಲ. ಆದರೆ ಬೆರಳು ಅಳೆಯುತ್ತಿರುವುದು ಮೂವತ್ತು ಡಿಗ್ರಿಯ ಆಯಿಲನ್ನು. ಹೊರಗೆ ಕಲಬುರಗಿಯ ಮೇ ತಿಂಗಳಿರಲಿ, ಕೊಡಗಿನ ಜುಲೈ ಇರಲಿ, ಥರ್ಮೋಸ್ಟ್ಯಾಟ್ ಎಂಜಿನ್ನನ್ನು ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿ ಇಡುತ್ತದೆ. ಒಳಗಿನ ಆಯಿಲಿಗೆ ಹೊರಗಿನ ಬಿಸಿಲು ನಾವಂದುಕೊಂಡಷ್ಟು ತಾಗುವುದಿಲ್ಲ.

ಹಾಗಂತ ಹಿರಿಯರ ಮಾತು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಏಳು ಜನ ಕೂತು, ಮೇಲೆ ಲಗೇಜು ಕಟ್ಟಿ, ಶಿರಾಡಿ ಘಾಟಿ ಹತ್ತುವಾಗ ಆಯಿಲ್ ಮಾಮೂಲಿಗಿಂತ ಹೆಚ್ಚು ಕಾಯುತ್ತದೆ. ಆಗ ಬೇರಿಂಗಿನ ನಡುವೆ ಆಯಿಲ್ ಪದರ ಕಿತ್ತುಹೋಗದೆ ನಿಲ್ಲಬೇಕು. ಅದಕ್ಕೂ ಒಂದು ಅಳತೆಯಿದೆ. 150 ಡಿಗ್ರಿ ಬಿಸಿಯಲ್ಲಿ, ಜೋರಾಗಿ ತಿಕ್ಕುವಾಗ ಎಷ್ಟು ಮಂದ ಉಳಿಯುತ್ತದೆ ಎಂದು ನೋಡುತ್ತಾರೆ, ಎಚ್‌ಟಿಎಚ್‌ಎಸ್ ಅನ್ನುತ್ತಾರೆ. 20 ಗ್ರೇಡಿಗೆ ಕನಿಷ್ಠ 2.6 ಇರಬೇಕು, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5. ಮಂದ ಇದ್ದಷ್ಟೂ ಪದರ ಗಟ್ಟಿ, ನಿಜ. ಆದರೆ 0ಡಬ್ಲ್ಯೂ-20ಕ್ಕೆಂದೇ ಸಂದು ಬಿಟ್ಟು, ಪಂಪು ಕೂರಿಸಿ, ವಾಲ್ವ್ ಟೈಮಿಂಗನ್ನು ಆಯಿಲಿನ ಒತ್ತಡದಲ್ಲೇ ತಿರುಗಿಸುವ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಮೈಲೇಜು ಹೋಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತದೆ. ನನ್ನ ಲೆಕ್ಕ ಸರಳ: ಪುಸ್ತಕದಲ್ಲಿ ಎರಡು ಗ್ರೇಡಿಗೆ ಅವಕಾಶ ಕೊಟ್ಟಿದ್ದರೆ ಊರೊಳಗೆ ಓಡುವವರು ತೆಳುವಾದದ್ದು, ಘಾಟಿ ಹತ್ತಿ ಇಳಿಯುವವರು ಮಂದವಾದದ್ದು ಹಾಕಿಸಲಿ. ಒಂದೇ ಗ್ರೇಡ್ ಕೊಟ್ಟಿದ್ದರೆ ಅದೇ.

ಸಿಂಥೆಟಿಕ್ ಅನ್ನುವ ಪದ ಎಷ್ಟು ಸಿಂಥೆಟಿಕ್?

ಅಂಗಡಿಯಲ್ಲಿ ನಾನೂ ಹೆಚ್ಚು ಬಿಡಿಸಿ ಹೇಳದ ವಿಷಯ ಇದು. ಬೇಸ್ ಆಯಿಲನ್ನು, ಅಂದರೆ ಮಸಾಲೆ (ಅಡಿಟಿವ್) ಬೆರೆಸುವ ಮುಂಚಿನ ಮೂಲ ಎಣ್ಣೆಯನ್ನು, ಐದು ಗುಂಪು ಮಾಡಿದ್ದಾರೆ. ಮೊದಲ ಎರಡು ಮಿನರಲ್, ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದವು. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಅಣುಗಳನ್ನು ಜೋಡಿಸಿ ಮಾಡಿದ್ದು. ಐದರಲ್ಲಿ ಎಸ್ಟರ್ ಮತ್ತಿತರವು. ಗೊಂದಲ ಇರುವುದು ಮೂರನೆಯದರಲ್ಲಿ: ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೈಡ್ರೋಜನ್ ಹಾಕಿ ಒತ್ತಡ ಕೊಟ್ಟು ಮೂಲ ರೂಪವೇ ಬದಲಾಗುವಷ್ಟು ಸಂಸ್ಕರಿಸಿದ್ದು. ಇದನ್ನು ಸಿಂಥೆಟಿಕ್ ಅನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ಮೇಲೆ ತಕರಾರು ತೆಗೆಯಿತು. ಅಲ್ಲಿನ ಜಾಹೀರಾತು ವ್ಯಾಜ್ಯ ನೋಡುವ ಸಂಸ್ಥೆ 1999ರಲ್ಲಿ “ಅನ್ನಬಹುದು” ಎಂದಿತು. ಅಲ್ಲಿಂದಾಚೆಗೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಜರ್ಮನಿಯಲ್ಲಿ ಮಾತ್ರ ‘ಪೂರ್ಣ ಸಿಂಥೆಟಿಕ್’ ಎಂದು ಬರೆಯಬೇಕಾದರೆ ನಾಲ್ಕು, ಐದನೇ ಗುಂಪಿನದ್ದೇ ಆಗಬೇಕು. ಅದಕ್ಕೇ ಲಿಕ್ವಿ ಮೋಲಿಯ ಎಷ್ಟೋ ಡಬ್ಬಗಳ ಮೇಲೆ ಜರ್ಮನ್ ಭಾಷೆಯಲ್ಲಿ ಬರೀ ‘ಸಿಂಥೆಸಿಸ್ ಟೆಕ್ನಾಲಜಿ’ ಅಂತಿರುತ್ತದೆ.

ನಮ್ಮಲ್ಲಿ ಫುಲ್ಲಿ ಸಿಂಥೆಟಿಕ್ ಎಂದು ಮಾರುವುದರಲ್ಲಿ ಹೆಚ್ಚಿನದು ಈ ಮೂರನೇ ಗುಂಪಿನದ್ದೇ. ಇದು ಮೋಸವಲ್ಲ, ಚೆನ್ನಾಗಿ ಮಾಡಿದ ಮೂರನೇ ಗುಂಪಿನ ಆಯಿಲ್ ನಮ್ಮ ಹವೆಗೆ ಧಾರಾಳ ಸಾಕು. ಪಿಎಒ ನಿಜವಾಗಿ ಮೆರೆಯುವುದು ಹಿಮ ಬೀಳುವ ಕಡೆ, ಇಲ್ಲವೇ ರೇಸ್ ಟ್ರ್ಯಾಕಿನಲ್ಲಿ. ಮೋಸ ಅನ್ನಿಸುವುದು ‘ಸೆಮಿ ಸಿಂಥೆಟಿಕ್’, ‘ಸಿಂಥೆಟಿಕ್ ಟೆಕ್ನಾಲಜಿ’ ಅನ್ನುವ ಪದಗಳು. ಎಷ್ಟು ಪಾಲು ಸೇರಿಸಿದರೆ ಸೆಮಿ ಎಂದು ಡಬ್ಬ ಹೇಳುವುದಿಲ್ಲ. ಹಾಲಿಗೆ ನೀರೋ ನೀರಿಗೆ ಹಾಲೋ, ಕೊಂಡವನಿಗೆ ಗೊತ್ತಾಗುವುದಿಲ್ಲ.

ಸಣ್ಣಕ್ಷರ

ಈಗ ಡಬ್ಬ ತಿರುಗಿಸಿ. ಹಿಂದೆ ಎಪಿಐ ಎಸ್‌ಎನ್, ಎಸ್‌ಪಿ ಎಂದೆಲ್ಲ ಇರುತ್ತದೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ದರ್ಜೆ. ಎಸ್ ನಂತರದ ಅಕ್ಷರ ಮುಂದೆ ಹೋದಷ್ಟೂ ಹೊಸದು: ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯೂ 2025ರದ್ದು. ಟರ್ಬೊ ಪೆಟ್ರೋಲ್ ಗಾಡಿ ಇರುವವರು, ಅದರಲ್ಲೂ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ವೆನ್ಯೂ 1.0 ತರದವರು, ಎಸ್‌ಪಿಗಿಂತ ಕಡಿಮೆಯದು ಮುಟ್ಟಬೇಡಿ. ಇಂಥ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಹೊತ್ತಿಗೆ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಯಿಲೆ ಉಂಟು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂದು ಗೊತ್ತಾದ ಮೇಲೆ ಮಸಾಲೆಯ ಪಾಕವನ್ನೇ ಬದಲಿಸಿದರು. ಆಯಿಲ್ ಈ ಕಾಯಿಲೆಯನ್ನು ತಡೆಯುತ್ತದೋ ಎಂದು ನೋಡುವ ಪರೀಕ್ಷೆ 2018ರ ಎಸ್‌ಎನ್ ಪ್ಲಸ್‌ನಲ್ಲಿ ಶುರುವಾಗಿ ಎಸ್‌ಪಿಗೂ ಬಂತು.

ಡೀಸೆಲ್ಲಿನವರು ನೋಡಬೇಕಾದ್ದು ಯುರೋಪಿನ ಗಾಡಿ ಕಂಪನಿಗಳ ಒಕ್ಕೂಟವಾದ ಎಸಿಇಎಯ ಗುರುತು. 2020ರ ಏಪ್ರಿಲ್ ಒಂದರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಕೂತಿದೆ, ಮಸಿ ಹಿಡಿಯುವ ಜರಡಿ. ಮಸಿಯನ್ನು ಅದು ಆಗಾಗ ಸುಟ್ಟು ಚೊಕ್ಕ ಮಾಡಿಕೊಳ್ಳುತ್ತದೆ. ಆದರೆ ಆಯಿಲಿನ ಮಸಾಲೆ ಸುಟ್ಟು ಬಂದ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಬೂದಿ ಕಡಿಮೆ ಮಾಡುವ ಸಿ2, ಸಿ3, ಸಿ5 ದರ್ಜೆಗಳು. ಎ3/ಬಿ4 ಎಂದಿರುವ ಡಬ್ಬ ಎಷ್ಟೇ ದುಬಾರಿಯಾಗಿರಲಿ, ಎಂಥ ರೇಸ್ ಕಾರಿನ ಚಿತ್ರವೇ ಇರಲಿ, ಡಿಪಿಎಫ್ ಇರುವ ಡೀಸೆಲ್ಲಿಗೆ ಅದು ಸಲ್ಲ. ಒಂದು ಸಲ ಹಾಕಿಸಿದ ಮಾತ್ರಕ್ಕೆ ಗಾಡಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹಾಕಿಸಿದರೆ ಜರಡಿ ಕಟ್ಟುತ್ತದೆ, ಅದರ ಬೆಲೆ ಕೇಳಿದರೆ ಆಯಿಲಿನ ಬೆಲೆ ಮರೆತುಹೋಗುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬರು ಬಂದರು. ಬಿಎಸ್6 ಡೀಸೆಲ್, ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರು. “ಇನ್ನೂ ದುಬಾರಿದು ಹಾಕ್ಸೋಣ ಅಂತ ಬಂದೆ. ಆದ್ರೂ ಈಗಿರೋದೂ ಸೂಪರ್ ಕಣ್ರೀ, ಒಂದು ತೊಟ್ಟೂ ಕಮ್ಮಿ ಆಗಿಲ್ಲ, ಜಾಸ್ತಿನೇ ಆಗಿದೆ!” ಹೊರಗೆ ಹೋಗಿ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದೆ. ಒರೆಸಿ ಮತ್ತೆ ಅದ್ದಿದೆ. ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ, ತೆಳ್ಳಗೆ, ಕಪ್ಪಗೆ. ಮೂಗಿನ ಹತ್ತಿರ ಹಿಡಿದರೆ ಬಂಕಿನ ವಾಸನೆ. ಡಿಪಿಎಫ್ ಸುಡಲು ಗಾಡಿ ಹೆಚ್ಚಿನ ಡೀಸೆಲ್ ಚಿಮ್ಮಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಇವರು ಆಫೀಸು ತಲುಪಿ ಎಂಜಿನ್ ಆಫ್ ಮಾಡಿರುತ್ತಾರೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಆಯಿಲಿಗೆ ಇಳಿಯುತ್ತದೆ. ಯಾವ ಕಂಪನಿಯ ಯಾವ ಸಿಂಥೆಟಿಕ್ಕೂ ಇದಕ್ಕೆ ಮದ್ದಲ್ಲ. ಅವರಿಗೆ ಹಳೆಯದೇ ಗ್ರೇಡಿನ, ಹಳೆಯದೇ ಸಿ3 ಡಬ್ಬ ಕೊಟ್ಟು, ತಕ್ಷಣ ಆಯಿಲ್ ಚೇಂಜ್ ಮಾಡಿಸಿ ಅಂದೆ. ವಾರಕ್ಕೊಮ್ಮೆ ಚನ್ನರಾಯಪಟ್ಟಣದ ಕಡೆ ಅರ್ಧ ಗಂಟೆ ಒಂದೇ ಸಮ ಓಡಿಸಿಕೊಂಡು ಬನ್ನಿ ಅಂದೆ. ದುಬಾರಿ ಡಬ್ಬ ಮಾರುವ ಒಂದು ವ್ಯಾಪಾರ ಹೋಯಿತು.

ಮೂರನೆಯದು ಗಾಡಿ ಕಂಪನಿಯ ಒಪ್ಪಿಗೆ. ಬೆನ್ಜ್ 229.5, 229.52 ಎಂದು, ಫೋಕ್ಸ್‌ವ್ಯಾಗನ್, ಸ್ಕೋಡಾ 502 00, 504 00, 508 00 ಎಂದು ಸಂಖ್ಯೆ ಕೊಡುತ್ತವೆ. ಇಲ್ಲಿ ಒಂದೊಂದು ಪದವೂ ಮುಖ್ಯ. ‘ಅಪ್ರೂವ್ಡ್’ ಎಂದಿದ್ದರೆ ಆ ಗಾಡಿ ಕಂಪನಿ ಪರೀಕ್ಷಿಸಿ ಸಹಿ ಹಾಕಿದೆ. ‘ಮೀಟ್ಸ್’, ‘ಸೂಟಬಲ್ ಫಾರ್’ ಎಂದಿದ್ದರೆ ಆಯಿಲ್ ಕಂಪನಿ ತಾನೇ ಹೇಳಿಕೊಳ್ಳುತ್ತಿದೆ. ವಾರಂಟಿ ಇರುವ ಜರ್ಮನ್ ಗಾಡಿಗೆ ಮೊದಲನೆಯದೇ ಬೇಕು. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಇಟ್ಟುಕೊಂಡವರಿಗಂತೂ ಇನ್ನೂ ಜೋಪಾನ ಬೇಕು. ಅದರ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ತಿರುಗುವಂಥದ್ದು. ಫೋರ್ಡ್ ಹೇಳಿದ 5ಡಬ್ಲ್ಯೂ-20 ಬಿಟ್ಟು ಸಿಕ್ಕಿದ್ದು ಹಾಕಿಸಿ, ಬದಲಾಯಿಸಲು ತಡ ಮಾಡಿದರೆ ಬೆಲ್ಟಿನ ರಬ್ಬರು ಉದುರಿ ಆಯಿಲ್ ಪಂಪಿನ ಜಾಲರಿ ಮುಚ್ಚುತ್ತದೆ.

ಇನ್ನು ಹೆಸರುಗಳು

ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಕ್ಯಾಸ್ಟರ್‌ನಿಂದ, ನಮ್ಮ ಹರಳೆಣ್ಣೆಯಿಂದ. ಎತ್ತಿನ ಗಾಡಿಯ ಕೀಲಿಗೆ ನಮ್ಮಜ್ಜ ಹಾಕುತ್ತಿದ್ದುದೂ ಅದನ್ನೇ. ಎಂಜಿನ್ ಆಯಿಲಿನ ಮೂಲ ನಮ್ಮ ಕೊಟ್ಟಿಗೆಯಲ್ಲೇ ಇತ್ತು ಎಂದು ಗಿರಾಕಿಗಳಿಗೆ ತಮಾಷೆ ಮಾಡುತ್ತಿರುತ್ತೇನೆ. ಈಗ ಅವರದು ಮ್ಯಾಗ್ನಟೆಕ್ ಮತ್ತು ಅದರ ಮೇಲಿನ ಎಡ್ಜ್. ಅನುಕೂಲ ಏನೆಂದರೆ ಎಲ್ಲ ಊರಲ್ಲೂ ಸಿಗುತ್ತದೆ. ಅನನುಕೂಲವೂ ಅದೇ: ಜಾಸ್ತಿ ಓಡುವ ಮಾಲಿಗೇ ನಕಲಿ ಮಾಡುವವರೂ ಜಾಸ್ತಿ.

ಮೊಬಿಲ್ 1 ನನ್ನ ಅಂಗಡಿಯ ದುಬಾರಿ ಸಾಲಿನದು. ಪೋರ್ಷ ಕಾರುಗಳಿಗೆ ಕಾರ್ಖಾನೆಯಲ್ಲೇ ತುಂಬುವುದು ಇದನ್ನು. ಅದರ 0ಡಬ್ಲ್ಯೂ-40ಗೆ ಯುರೋಪಿನ ಒಪ್ಪಿಗೆಗಳ ಉದ್ದ ಪಟ್ಟಿಯಿದೆ. ಆದರೆ ಆ ಪಟ್ಟಿ ವ್ಯಾಗನ್ ಆರ್‌ಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅದೇ ಕಂಪನಿಯ ಮೊಬಿಲ್ ಸೂಪರ್ 3000 ಮಧ್ಯಮ ಬೆಲೆಯಲ್ಲಿ ಸಿಗುತ್ತದೆ. ಮಾಮೂಲಿ ಕಾರಿಗೆ ನಾನು ಅದನ್ನೇ ಎತ್ತಿಕೊಡುತ್ತೇನೆ.

ಶೆಲ್ ಹೀಲಿಕ್ಸ್ ಅಲ್ಟ್ರಾದ ಬೇಸ್ ಆಯಿಲ್ ಬೇರೆ ಜಾತಿ. ಕಚ್ಚಾ ತೈಲದ ಬದಲು ನೈಸರ್ಗಿಕ ಅನಿಲದಿಂದ ಮಾಡಿದ್ದು, ಕತಾರಿನ ಪರ್ಲ್ ಸ್ಥಾವರದಿಂದ ಬರುತ್ತದೆ. ಅನಿಲದಿಂದ ಮಾಡಿದ್ದರಿಂದ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಆವಿಯಾಗುವುದೂ ಕಡಿಮೆ. ಎಚ್‌ಎಕ್ಸ್7 ಅದರ ಕೆಳಗಿನ ಸೆಮಿ. ಎರಡರ ಡಬ್ಬವೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಅಲ್ಟ್ರಾ ಎಂದು ಬಿಲ್ ಮಾಡಿ ಎಚ್‌ಎಕ್ಸ್7 ಸುರಿಯದ ಹಾಗೆ ನಿಂತು ನೋಡಿಕೊಳ್ಳಿ.

ಲಿಕ್ವಿ ಮೋಲಿ, ಮೊಟುಲ್ 8100 ಇವೆರಡೂ ಗಾಡಿ ಪ್ರೇಮಿಗಳ ಪೈಕಿ. ಫೋಕ್ಸ್‌ವ್ಯಾಗನ್, ಸ್ಕೋಡಾದವರು ಲಿಕ್ವಿ ಮೋಲಿಯ ಟಾಪ್ ಟೆಕ್ ಹುಡುಕಿಕೊಂಡು ಬರುತ್ತಾರೆ, ಸರಿಯಾಗಿಯೇ ಬರುತ್ತಾರೆ. ಮೊಟುಲ್‌ನಲ್ಲಿ ಎಕ್ಸ್-ಕ್ಲೀನ್ ಕಡಿಮೆ ಬೂದಿಯದ್ದು, ಎಕ್ಸ್-ಸೆಸ್ ಅಲ್ಲ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಡೀಸೆಲ್ಲಿನವರು ಎಡವುತ್ತಾರೆ. ರೆನೋ ಡಸ್ಟರ್ ಇದ್ದವರಿಗೆ ಎಲ್ಫ್ ಒಗ್ಗುತ್ತದೆ, ರೆನೋ ಜೊತೆ ಅದರದು ಹಳೇ ನಂಟು.

ಸರ್ವೋ, ಎಚ್‌ಪಿ, ಮ್ಯಾಕ್ ಬಗ್ಗೆ ನಮ್ಮವರಿಗೆ ಇರುವ ತಾತ್ಸಾರ ನನಗೆ ಅರ್ಥವಾಗುವುದಿಲ್ಲ. ಸರ್ಕಾರಿ ಅಂದಕೂಡಲೇ ಮೂಗು ಮುರಿಯುತ್ತಾರೆ. ಸರ್ವೋ ಫ್ಯೂಚುರಾ ಡಬ್ಬದ ಮೇಲೆ ನಿಮಗೆ ಬೇಕಾದ ಗ್ರೇಡು, ಎಸ್‌ಪಿ ಎರಡೂ ಇದ್ದರೆ ಅದು ದುಬಾರಿ ಡಬ್ಬ ಪಾಸಾದ ಪರೀಕ್ಷೆಯನ್ನೇ ಪಾಸಾಗಿದೆ.

ಎಲ್ಲಕ್ಕಿಂತ ಕಡೆಗಣನೆಗೆ ಒಳಗಾಗಿರುವುದು ಗಾಡಿ ಕಂಪನಿಯದೇ ಹೆಸರಿನ ಡಬ್ಬ: ಮಾರುತಿಯ ಜೆನ್ಯೂನ್ ಆಯಿಲ್, ಟೊಯೋಟಾದ್ದು, ಹ್ಯುಂಡೈಯದ್ದು. ಇವನ್ನು ಮಾಡಿಕೊಡುವುದೂ ಆಯಿಲ್ ಕಂಪನಿಗಳೇ. ಗ್ರೇಡು, ದರ್ಜೆ ಎಲ್ಲ ಆ ಎಂಜಿನ್ನಿಗೆ ಹೊಂದಿಸಿ ತಂದಿರುತ್ತಾರೆ, ಬೆಲೆಯೂ ಹದ. 0ಡಬ್ಲ್ಯೂ-16 ಬೇಕೆಂದರೆ ಸಣ್ಣ ಊರುಗಳಲ್ಲಿ ಬೇರೆ ಕಂಪನಿಯದು ಸುಲಭಕ್ಕೆ ಸಿಗುವುದೂ ಇಲ್ಲ. ನನ್ನ ಗೋಡೆಯಲ್ಲಿ ಅಷ್ಟು ಡಬ್ಬವಿದ್ದರೂ ಮನೆಯ ಮಾರುತಿಗೆ ಹಾಕಿಸುವುದು ಇದನ್ನೇ.

ಎರಡು ಹೆಸರಿನ ನಡುವೆ ಮನಸ್ಸು ತೂಗುತ್ತಿದ್ದರೆ ಕಂಪನಿಯ ವೆಬ್‌ಸೈಟಿನಿಂದ ಡೇಟಾ ಶೀಟ್ ಇಳಿಸಿಕೊಳ್ಳಿ, ಒಂದೇ ಪುಟ ಇರುತ್ತದೆ. ಅದರಲ್ಲಿ ನೊಯಾಕ್ ಎಂಬ ಸಾಲು ಹುಡುಕಿ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಶೇಕಡಾ ಎಷ್ಟು ಹಾರಿಹೋಗುತ್ತದೆ ಎಂಬ ಲೆಕ್ಕ ಅದು. ಎಪಿಐ ಎಸ್‌ಪಿಯ ತೆಳು ಗ್ರೇಡುಗಳಿಗೆ 15ರ ಮಿತಿ, ಎಸಿಇಎ ಸಿ3ಗೆ 13. ಒಂದರದು 14, ಇನ್ನೊಂದರದು 9 ಇದ್ದರೆ ಎರಡನೆಯದರ ಬೇಸ್ ಆಯಿಲ್ ಮೇಲು. ಎರಡು ಸರ್ವೀಸ್ ನಡುವೆ ಟಾಪ್ ಅಪ್ ಕೇಳುವುದೂ ಕಡಿಮೆ. ಜಾಹೀರಾತಿನ ಪಿಸ್ಟನ್ ಚಿತ್ರ ಹೇಳದ್ದನ್ನು ಈ ಒಂದು ಸಾಲು ಹೇಳುತ್ತದೆ. ಈ ಅಂಕಿಯನ್ನೇ ಹಾಕದ ಶೀಟುಗಳೂ ಇವೆ; ನಾನಂತೂ ಅದನ್ನೂ ಒಂದು ಉತ್ತರ ಎಂದೇ ತಿಳಿಯುತ್ತೇನೆ.

ದುಡ್ಡಿನ ಮಾತು

ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಒಂದು ಸಿಂಥೆಟಿಕ್ ಲೀಟರಿಗೆ 700, ಇನ್ನೊಂದು 1,100 ರೂಪಾಯಿ. ಮೂರೂವರೆ ಲೀಟರಿಗೆ ವ್ಯತ್ಯಾಸ 1,400. ಹತ್ತು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 14 ಪೈಸೆ. ಪೆಟ್ರೋಲಿಗೆ ಅಷ್ಟೇ ದೂರಕ್ಕೆ ಐದಾರು ರೂಪಾಯಿ ಸುಡುತ್ತಿರುವಾಗ ಇದು ದೊಡ್ಡದಲ್ಲ. ಇನೋವಾ ಕ್ರಿಸ್ಟಾ ಡೀಸೆಲ್ ಇದ್ದವರಿಗೆ ಮಾತ್ರ ದೊಡ್ಡದು, ಅದು ಏಳೂವರೆ ಲೀಟರ್ ಆಸುಪಾಸು ಕುಡಿಯುತ್ತದೆ. ಡಬ್ಬದ ಅಳತೆಯನ್ನೂ ನೋಡಿ. ಗಾಡಿಗೆ ಮೂರು ಲೀಟರ್ ಚಿಲ್ಲರೆ ಬೇಕಿದ್ದು ಡಬ್ಬ ನಾಲ್ಕರದ್ದಾದರೆ ಉಳಿದದ್ದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಮುಚ್ಚಳ ಬಿಗಿ ಮಾಡಿ ಡಿಕ್ಕಿಯಲ್ಲಿಡಿ, ಟಾಪ್ ಅಪ್‌ಗೆ ಆಗುತ್ತದೆ.

ಒಂದು ಲಕ್ಷ ದಾಟಿ ಬಿಳಿ ನೀಲಿ ಹೊಗೆ ಬಿಡುತ್ತಿರುವ ಹಳೇ ಗಾಡಿಗೆ ದುಬಾರಿ ಸಿಂಥೆಟಿಕ್ ದಂಡ. ಅದು ಸುಟ್ಟುಕೊಳ್ಳುವುದನ್ನು ಸುಟ್ಟುಕೊಂಡೇ ತೀರುತ್ತದೆ. ಪುಸ್ತಕ ಒಪ್ಪುವ ಮಂದ ಗ್ರೇಡಿನ ಸೆಮಿ ಹಾಕಿಸಿ, ಐದು ಸಾವಿರಕ್ಕೊಮ್ಮೆ ಬದಲಾಯಿಸಿ. “ಸಿಂಥೆಟಿಕ್ ಹಾಕ್ಸಿದೀನಿ, ಇಪ್ಪತ್ತು ಸಾವಿರ ಓಡಿಸ್ತೀನಿ” ಅನ್ನುವವರಿಗೂ ಒಂದು ಮಾತು: ಪುಸ್ತಕ ಹತ್ತು ಸಾವಿರ ಅಥವಾ ಒಂದು ವರ್ಷ ಅಂದಿದ್ದರೆ, ಯಾವುದು ಮೊದಲೋ ಅದು. ಧೂಳು, ಟ್ರಾಫಿಕ್ಕು, ಮೂರು ಕಿಲೋಮೀಟರಿನ ಓಡಾಟ ಇದ್ದರೆ ಅದಕ್ಕೂ ಮುಂಚೆ.

ಡಬ್ಬ ನಿಜದ್ದೇ?

ಇದರಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಹೋಲ್‌ಸೇಲಿನವರೊಬ್ಬರು ಮಾಮೂಲಿಗಿಂತ ಕಡಿಮೆ ರೇಟಿಗೆ ಐದು ಬಾಕ್ಸ್ ಕೊಟ್ಟರು, ನಾನೂ ಆಸೆಗೆ ಬಿದ್ದೆ. ಡಬ್ಬ, ಸೀಲು, ಹೊಳೆಯುವ ಚೀಟಿ ಎಲ್ಲ ಸರಿಯಾಗಿಯೇ ಇತ್ತು. ಒಂದರ ಮೇಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ, ನಂಬರ್ ಬಂತು. ಪಕ್ಕದ್ದನ್ನು ಮಾಡಿದೆ, ಅದೇ ನಂಬರ್. ಮೂರನೆಯದಕ್ಕೂ ಅದೇ. ಡಬ್ಬಕ್ಕೊಂದು ಬೇರೆ ನಂಬರ್ ಇರಬೇಕಾದ ಕಡೆ ಐದು ಬಾಕ್ಸಿಗೂ ಒಂದೇ. ಹೆಬ್ಬೆರಳಿಗೆ ಎಂಜಲು ಹಚ್ಚಿ ತಿಕ್ಕಿದರೆ ಬ್ಯಾಚ್ ನಂಬರಿನ ಮಸಿ ಬೆರಳಿಗೇ ಬಂತು. ಒಂದು ಡಬ್ಬವನ್ನೂ ಮಾರದೆ ವಾಪಸ್ ಕಳಿಸಿದೆ. ದುಡ್ಡು ಬರಲು ಏಳು ತಿಂಗಳಾಯಿತು.

ಹಾಗಾಗಿ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಬ್ಯಾಚ್ ನಂಬರು ತಿಕ್ಕಿ ನೋಡಿ, ಸೀಲ್ ಒಡೆಯುವುದು ನಿಮ್ಮ ಕಣ್ಣೆದುರೇ ಆಗಲಿ. ಸರ್ವೀಸ್ ಸೆಂಟರಿನಲ್ಲಿ ಬ್ಯಾರೆಲ್ಲಿನಿಂದ ಹಾಕುವುದಾದರೆ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಆಮೇಲೆ ಖಾಲಿ ಡಬ್ಬದ ಕೆಲಸ ಒಂದಿದೆ. ನಮ್ಮ ಬೀದಿಗೆ ಬರುವ ಗುಜರಿಯವನು ಮಾಮೂಲಿ ಪ್ಲಾಸ್ಟಿಕ್ಕನ್ನು ತೂಕಕ್ಕೆ ಕೊಳ್ಳುತ್ತಾನೆ. ಮುಚ್ಚಳದ ಸಮೇತ, ಚೀಟಿ ಹರಿಯದ ಆಯಿಲ್ ಡಬ್ಬವಾದರೆ ತಕ್ಕಡಿ ಬದಿಗಿಟ್ಟು ಒಂದೊಂದಕ್ಕೂ ಬೇರೆ ರೇಟು ಹೇಳುತ್ತಾನೆ. ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ನಗುತ್ತಾನೆ. ಆವತ್ತಿನಿಂದ ಗ್ಯಾರೇಜಿನಲ್ಲಿ ಆಯಿಲ್ ಸುರಿದಾದ ಮೇಲೆ ಹ್ಯಾಕ್ಸಾ ತೆಗೆದುಕೊಂಡು ಡಬ್ಬದ ಕತ್ತು ಕುಯ್ದೇ ಕೊಡುತ್ತೇನೆ. ತೂಕದ ರೇಟು ಕೊಟ್ಟು, ಗೊಣಗಿಕೊಂಡು ಹೋಗುತ್ತಾನೆ.